ಕಡಲು ಕೇಳಿಸುತ್ತದೆ, ಕಾಣಿಸುವುದಿಲ್ಲ

ಜುಲೈ ತಿಂಗಳು, ಬೆಳಿಗ್ಗೆ 7 ಗಂಟೆ. ಕಾರಿನಿಂದ ಇಳಿದರೆ ಮುಖಕ್ಕೆ ಒದ್ದೆ ಪಂಚೆ ಹೊದೆಸಿದಂಥ ಮಂಜು. “ಗಾಲ್ಫ್ ಕೋರ್ಸ್ ಎಲ್ಲಿ?” ಎಂದು ಮಗಳನ್ನು ಕೇಳಿದೆ. “ಎದುರಿಗೇ ಉಂಟಲ್ಲ ಅಪ್ಪ” ಎಂದಳು. ಎದುರಿಗೆ ನನಗೆ ಕಂಡದ್ದು ನಾಲ್ಕೈದು ಸೈಪ್ರೆಸ್ ಮರಗಳ ಕಪ್ಪು ಆಕಾರ, ಅದರಾಚೆ ಬರೀ ಬಿಳುಪು. ಆದರೆ ಕಡಲು ಕೇಳಿಸುತ್ತಿತ್ತು. ಉಳ್ಳಾಲದಲ್ಲಿ ಹುಟ್ಟಿ ಬೆಳೆದವನಿಗೆ ಆ ಸದ್ದನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ನೂರು ಹೆಜ್ಜೆ ನಡೆದರೆ ನೀರು ಕಂಡೀತು ಅಂದುಕೊಂಡೆ. ಮುಂದಿನ ನಾಲ್ಕೂವರೆ ಗಂಟೆ ಅಲ್ಲೇ ಓಡಾಡಿದರೂ ಆಟದ ಅಂಗಳದಿಂದ ಒಮ್ಮೆಯೂ ಕಡಲು ಕಾಣಿಸಲಿಲ್ಲ. ಯಾಕೆ ಅನ್ನುವುದೇ ಈ ವಾರದ ಕತೆ.

ಊರಿನ ಹೆಸರು ಪೆಸಿಫಿಕಾ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಇಲ್ಲಿರುವ ಶಾರ್ಪ್ ಪಾರ್ಕ್ ಗಾಲ್ಫ್ ಕೋರ್ಸ್ ಪೆಸಿಫಿಕಾದ್ದಲ್ಲ, ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ್ದು. ಮಂಗಳೂರು ಮಹಾನಗರಪಾಲಿಕೆಯ ಪಾರ್ಕೊಂದು ಬಂಟ್ವಾಳದಲ್ಲಿ ಇದ್ದ ಹಾಗೆ. ನಮ್ಮಲ್ಲಿ ನಗರಪಾಲಿಕೆ ಎಂದರೆ ಕಸ, ಚರಂಡಿ, ಕಂದಾಯ, ಹೆಚ್ಚೆಂದರೆ ಒಂದು ಈಜುಕೊಳ. ಅಲ್ಲಿನ ನಗರಾಡಳಿತ ಲೈಬ್ರರಿ ನಡೆಸುವಂತೆಯೇ ಗಾಲ್ಫ್ ಕೋರ್ಸನ್ನೂ ನಡೆಸುತ್ತದೆ. ಅಮೆರಿಕದವರು ಇಂಥದ್ದನ್ನು ‘ಮ್ಯೂನಿ’ ಅನ್ನುತ್ತಾರೆ. ಮ್ಯುನಿಸಿಪಲ್ ಅನ್ನುವುದರ ಮುದ್ದಿನ ಹೆಸರು. 1895ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್‌ನಿಂದ ಶುರುವಾದ ಪದ್ಧತಿ ಇದು. ಈಗ ಆ ದೇಶದಲ್ಲಿ ಮ್ಯೂನಿ ಇಲ್ಲದ ದೊಡ್ಡ ನಗರ ಸಿಗುವುದು ಕಷ್ಟ.

ನಾನೇನೂ ಗಾಲ್ಫ್ ಪಟು ಅಲ್ಲ. ಬ್ಯಾಂಕಿನಲ್ಲಿದ್ದಾಗ ಬೆಂಗಳೂರಿನಲ್ಲಿ ಮೇಲಧಿಕಾರಿಯೊಬ್ಬರು ತಮ್ಮ ಕ್ಲಬ್ಬಿಗೆ ಒಮ್ಮೆ ಕರೆದುಕೊಂಡು ಹೋಗಿದ್ದರು. ಗೇಟಿನವನು ಮೊದಲು ನೋಡಿದ್ದು ನನ್ನ ಶೂ, ಆಮೇಲೆ ಅಂಗಿಯ ಕಾಲರ್, ಕೊನೆಗೆ ಮುಖ. ಸಾಹೇಬರ ಅತಿಥಿ ಎಂದು ಗೊತ್ತಾದ ಮೇಲೆ ಸಲಾಮು ಹೊಡೆದ. ಒಳಗೆ ಎಲ್ಲವೂ ಚೆನ್ನಾಗಿತ್ತು, ಹುಲ್ಲು, ಕಾಫಿ, ಪಿಸುಮಾತು ಎಲ್ಲ. ಆದರೆ ಇಡೀ ಹೊತ್ತು ಪರರ ಮನೆಯ ಸೋಫಾದ ತುದಿಯಲ್ಲಿ ಕೂತ ಹಾಗಿತ್ತು. ಆಟ ಕಲಿತದ್ದು ನಿವೃತ್ತಿಯಾದ ಮೇಲೆ, ಅಳಿಯನ ಒತ್ತಾಯಕ್ಕೆ, ಬುಟ್ಟಿ ಚೆಂಡಿಗೆ ಇಷ್ಟು ಎಂದು ದುಡ್ಡು ಕೊಟ್ಟು ಹೊಡೆಯುವ ಡ್ರೈವಿಂಗ್ ರೇಂಜ್‌ಗಳಲ್ಲಿ.

ಶಾರ್ಪ್ ಪಾರ್ಕ್‌ನಲ್ಲಿ ಯಾರೂ ನನ್ನ ಶೂ ನೋಡಲಿಲ್ಲ. ಕೌಂಟರಿನಲ್ಲಿದ್ದವರು ಕೇಳಿದ್ದು ಎರಡೇ: “ಒಬ್ಬರೇನಾ? ಈ ನಗರದವರಾ?” ನಗರವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಹೆಚ್ಚು. ಹೊರಗಿನವರ ದರವೂ ಜೀವ ತೆಗೆಯುವಂಥದ್ದಲ್ಲ. ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಸಿಗುವ ಪೆಬಲ್ ಬೀಚ್‌ನಲ್ಲಿ ಒಂದು ಸುತ್ತು ಆಡಲು 600 ಡಾಲರಿಗೂ ಹೆಚ್ಚು ಕೊಡಬೇಕು. ಇಲ್ಲಿ ಅದರ ಒಂದು ಸಣ್ಣ ಪಾಲು.

ಒಬ್ಬನೇ ಹೋದವನನ್ನು ಮ್ಯೂನಿಯಲ್ಲಿ ಒಬ್ಬನೇ ಆಡಲು ಬಿಡುವುದಿಲ್ಲ. ಅಂಗಳ ದೊಡ್ಡದಾದರೂ ಹೊತ್ತು ಚಿಕ್ಕದು. ಒಂದೊಂದು ತಂಡಕ್ಕೂ ಇಂತಿಷ್ಟು ಗಂಟೆ ಇಷ್ಟು ನಿಮಿಷಕ್ಕೆ ಹೊರಡಬೇಕೆಂಬ ಲೆಕ್ಕವಿದೆ, ಅದನ್ನು ‘ಟೀ ಟೈಮ್’ ಅನ್ನುತ್ತಾರೆ. ಮೊದಲ ಹೋಲ್ ಹತ್ತಿರ ನಿಂತು ಈ ಲೆಕ್ಕ ನೋಡುವವನು ಸ್ಟಾರ್ಟರ್. ನಮ್ಮ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಟೈಮ್‌ಕೀಪರನೇ ಎನ್ನಿ. ಖಾಲಿ ಸೀಟು ಇರುವ ಕಡೆ ಒಂಟಿ ಜನರನ್ನು ತುಂಬಿಸುತ್ತಾನೆ. ನನ್ನನ್ನು ಮೂವರ ಜೊತೆ ಸೇರಿಸಿದ. ಒಬ್ಬರು ನಗರ ಸಾರಿಗೆಯ ಬಸ್ ಓಡಿಸಿ ನಿವೃತ್ತರಾದವರು. ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದ ಫಿಲಿಪ್ಪೀನ್ಸ್ ಮೂಲದ ನರ್ಸ್. ಪಕ್ಕದ ಡೇಲಿ ಸಿಟಿಯಲ್ಲಿ ಫಿಲಿಪಿನೋ ಜನ ಬಹಳ. ಮೂರನೆಯವನು ಕಾಲೇಜು ಹುಡುಗ, ಚೀಲದಲ್ಲಿ ಏಳೇ ಕೋಲು, ಅವೂ ಒಂದಕ್ಕೊಂದು ಸೇರದ ಹಳೇ ಕೋಲುಗಳು. ಬೆಂಗಳೂರಿನ ಕ್ಲಬ್ಬಿನ ಗೇಟಿನವನು ಇವರಲ್ಲಿ ಎಷ್ಟು ಜನರನ್ನು ಒಳಗೆ ಬಿಡುತ್ತಿದ್ದ ಎಂಬ ಲೆಕ್ಕ ತಲೆಯಲ್ಲಿ ಬಂತು. ನನ್ನನ್ನೂ ಸೇರಿಸಿ ಸೊನ್ನೆ.

ಆಟದ ಲೆಕ್ಕವನ್ನು ಗೊತ್ತಿಲ್ಲದವರಿಗಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 18 ಗುಳಿ, ಅಂದರೆ ಹೋಲ್. ಒಂದೊಂದಕ್ಕೂ ಚೆಂಡು ಸೇರಿಸಲು ಇಷ್ಟು ಹೊಡೆತ ಸಾಕು ಎಂಬ ಅಂದಾಜು, ಅದೇ ಪಾರ್. ಎಲ್ಲ ಕೂಡಿಸಿದರೆ ಇಲ್ಲಿ 72. ಕಡಿಮೆ ಹೊಡೆದವನು ಜಾಣ. ನಾನು ಮುಗಿಸಿದ್ದು 118ಕ್ಕೆ.

ಅಂಕಗಳಿಗಿಂತ ನನ್ನ ಕಣ್ಣು ಹಿಡಿದದ್ದು ಬೇರೆ. ಕೋಲು ಬೀಸಿದಾಗ ಹುಲ್ಲಿನ ಅಂಗೈಯಗಲದ ಹಕ್ಕಳೆ ಎದ್ದು ಹಾರುತ್ತದೆ. ಬಸ್ ಡ್ರೈವರ್ ಪ್ರತಿ ಸಲವೂ ನಡೆದು ಹೋಗಿ ಆ ಹಕ್ಕಳೆಯನ್ನು ಹೆಕ್ಕಿ ತಂದು, ಅದರ ಗುಂಡಿಯಲ್ಲೇ ಇಟ್ಟು, ಶೂನಿಂದ ತುಳಿದು ಕೂರಿಸುತ್ತಿದ್ದರು. ಗುಳಿ ಇರುವ ನುಣುಪು ಹುಲ್ಲಿಗೆ ಗ್ರೀನ್ ಎಂದು ಹೆಸರು. ಎತ್ತರದಿಂದ ಚೆಂಡು ಅಲ್ಲಿ ಬಿದ್ದರೆ ಒಂದು ಸಣ್ಣ ಕುಳಿ ಬೀಳುತ್ತದೆ. ಅವರು ಜೇಬಿನಿಂದ ಎರಡು ಹಲ್ಲಿನ ಪುಟ್ಟ ಕವಲು ತೆಗೆದು ಮೊಣಕಾಲೂರಿದರು. ಕುಳಿಯ ಅಂಚಿಗೆ ಚುಚ್ಚಿ, ಮಣ್ಣನ್ನು ಮೇಲಕ್ಕೆ ಎತ್ತದೆ ಸುತ್ತಲಿಂದ ನಡುವಿಗೆ ನೂಕಿದರು. ಮೇಲಕ್ಕೆ ಮೀಟಿದರೆ ಬೇರು ಹರಿದು ಹುಲ್ಲು ಸಾಯುತ್ತದಂತೆ. ಕೊನೆಗೆ ಪಟ್ಟರ್ ಎಂಬ ಕೋಲಿನ ತಳದಿಂದ ಎರಡು ಸಲ ಮೆಲ್ಲಗೆ ತಟ್ಟಿದರು, ಮಗುವಿನ ಬೆನ್ನು ತಟ್ಟಿದ ಹಾಗೆ. ತಮ್ಮ ಕುಳಿ ಮುಗಿಸಿ, ಯಾರೋ ನಿನ್ನೆ ಬಿಟ್ಟುಹೋದ ಇನ್ನೆರಡು ಕುಳಿಗಳನ್ನೂ ಸರಿ ಮಾಡಿದರು. “ನಿಮ್ಮದಲ್ಲವಲ್ಲ?” ಎಂದೆ. “ಇಲ್ಲಿ ಎಲ್ಲವೂ ನಮ್ಮದೇ. ಟ್ಯಾಕ್ಸ್ ಕಟ್ಟುತ್ತೇನಲ್ಲ” ಎಂದು ನಕ್ಕರು.

ಎಲ್ಲರೂ ಹೀಗೇ ಎಂದು ಭಾವಿಸಬೇಡಿ. ಮ್ಯೂನಿಯ ಹುಲ್ಲು ಕ್ಲಬ್ಬಿನ ಹುಲ್ಲಿನಂತಿಲ್ಲ. ಕೆಲವು ಕಡೆ ಬೋಳು, ಕೆಲವು ಕಡೆ ಕೆಸರು. ಮರಳುಗುಂಡಿಯಲ್ಲಿ ಮರಳಿಗಿಂತ ಗಟ್ಟಿ ಮಣ್ಣೇ ಜಾಸ್ತಿ.

ಆದರೆ ಆ ಬೋಳು ಹುಲ್ಲಿನ ಕೆಳಗಿನ ನಕ್ಷೆ ಎಂಥವನದು ಗೊತ್ತೇ? ಡಾ. ಅಲಿಸ್ಟರ್ ಮೆಕೆಂಝಿಯದು. 1870ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ ಈತ ಕೇಂಬ್ರಿಜ್‌ನಲ್ಲಿ ಓದಿದ ವೈದ್ಯ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇನಾ ವೈದ್ಯನಾಗಿ ಹೋದವನು ಅಲ್ಲಿ ಬೋಯರ್ ರೈತರು ನೆಲದ ಏರುತಗ್ಗನ್ನೇ ಬಳಸಿ ಕಣ್ಣಿಗೆ ಬೀಳದಂತೆ ಅಡಗುವುದನ್ನು ನೋಡಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಈ ಮರೆಮಾಚುವ ವಿದ್ಯೆಯನ್ನೇ ಕಲಿಸಿದ. ಗಾಲ್ಫ್ ಅಂಗಳ ಕಟ್ಟುವಾಗಲೂ ಅದೇ ಕೈಚಳಕ. ಮನುಷ್ಯ ತೋಡಿದ ಗುಂಡಿ ಗಾಳಿಯೇ ಕೊರೆದ ಮರಳುಗುಂಡಿಯಂತೆ ಕಾಣಬೇಕು, ಎಲ್ಲಿ ಪ್ರಕೃತಿ ಮುಗಿಯಿತು ಎಲ್ಲಿ ಗುದ್ದಲಿ ಶುರುವಾಯಿತು ಎಂದು ಗೊತ್ತಾಗಬಾರದು. ಗಾಲ್ಫ್ ಲೋಕದಲ್ಲಿ ಅತ್ಯಂತ ದೊಡ್ಡ ಹೆಸರಾದ ಅಗಸ್ಟಾ ನ್ಯಾಷನಲ್ ಅನ್ನು ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದವನು ಈತ. ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್ (1928) ಕೂಡ ಈತನದೇ. ಆ ಎರಡೂ ಕ್ಲಬ್ಬುಗಳಲ್ಲಿ ದುಡ್ಡಿದ್ದರೂ ಸಾಲದು, ಸದಸ್ಯರು ಕರೆಯದೆ ಒಳಗೆ ಕಾಲಿಡುವಂತಿಲ್ಲ. ಅದೇ ಮನುಷ್ಯ, ಅದೇ ವರ್ಷಗಳಲ್ಲಿ, ಊರಿನ ಬಸ್ ಡ್ರೈವರೂ ನರ್ಸೂ ಆಡಲಿ ಎಂದು ಗೀಚಿದ್ದು ಶಾರ್ಪ್ ಪಾರ್ಕನ್ನು. ಅದು ತೆರೆದದ್ದು 1932ರ ಏಪ್ರಿಲ್‌ನಲ್ಲಿ. 1934ರ ಜನವರಿಯಲ್ಲಿ ಆತ ತೀರಿಕೊಂಡ, ಅಗಸ್ಟಾದ ಮೊದಲ ಪಂದ್ಯಾವಳಿಯನ್ನೂ ನೋಡಲಿಲ್ಲ.

ಮೆಕೆಂಝಿಯ ಒಂದು ನಿಯಮ ನನ್ನಂಥವರಿಗೆ ವರದಾನ. ಬಲಶಾಲಿಗೆ ನೇರ ದಾರಿ ಇದ್ದರೆ ದುರ್ಬಲನಿಗೂ ಒಂದು ಸುತ್ತುದಾರಿ ಇರಲೇಬೇಕು, ಒಂದು ಹೊಡೆತ ಹೆಚ್ಚಾದರೂ ಚಿಂತೆಯಿಲ್ಲ, ಅವನು ಕೊನೆ ಮುಟ್ಟಬೇಕು ಅನ್ನುತ್ತಿದ್ದ. ನೀರು ದಾಟಿಸಲು ಕಾಲೇಜು ಹುಡುಗ ಎದೆ ಉಬ್ಬಿಸಿ ಹೊಡೆದ ಕಡೆ ನಾನು ಬದಿಯಿಂದ ಮೂರು ಸಣ್ಣ ಹೊಡೆತದಲ್ಲಿ ಸುತ್ತಿ ಬಂದೆ. ಅವನ ಚೆಂಡು ನೀರಿಗೆ ಹೋಯಿತು ಅನ್ನುವುದನ್ನು ಇಲ್ಲಿ ಹೇಳದಿರಲು ಮನಸ್ಸು ಒಪ್ಪುತ್ತಿಲ್ಲ.

ಜಾಗ ಬಂದದ್ದು ದಾನವಾಗಿ. ಹೊನೋರಾ ಶಾರ್ಪ್ ಎಂಬಾಕೆಯ ಆಸ್ತಿ 1917ರಲ್ಲಿ ನಗರಕ್ಕೆ ಸೇರಿತು. ಸಾರ್ವಜನಿಕ ಉದ್ಯಾನ ಅಥವಾ ಆಟದ ಮೈದಾನಕ್ಕೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕನ್ನು ಬೆಳೆಸಿದ ಜಾನ್ ಮೆಕ್ಲಾರೆನ್ ಆಗ ನಗರದ ಪಾರ್ಕುಗಳ ಮುಖ್ಯಸ್ಥ. ಮುಂದೆ ನಗರದ ಲಿಂಕನ್ ಪಾರ್ಕ್, ಹಾರ್ಡಿಂಗ್ ಪಾರ್ಕ್ ಕೋರ್ಸುಗಳಲ್ಲಿ ಜನ ಕಿಕ್ಕಿರಿಯತೊಡಗಿದರು. ಕಡಲ ಪಕ್ಕದ ಮರಳು, ಜೌಗು, ಲಗುನಾ ಸಲಾಡಾ ಎಂಬ ಹಿನ್ನೀರಿನ ಕೊಳ ಇವುಗಳ ನಡುವೆ ಹೂಳೆತ್ತಿ, ಮಣ್ಣು ತುಂಬಿಸಿ ಅಂಗಳ ಎಬ್ಬಿಸಿದರು. ಮೆಕೆಂಝಿ ಕೆಲವು ಹೋಲ್‌ಗಳನ್ನು ಅಲೆಗಳ ಅಂಚಿಗೇ ತಂದಿಟ್ಟ.

ಕಡಲು ಅದನ್ನು ಹೆಚ್ಚು ದಿನ ಸಹಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಚಳಿಗಾಲದ ಬಿರುಗಾಳಿಗೆ ಅಲೆಗಳು ಅಂಗಳಕ್ಕೆ ನುಗ್ಗಿದವು. 1940ರ ದಶಕದಲ್ಲಿ ನಗರಾಡಳಿತ ಅಂಗಳಕ್ಕೂ ಕಡಲಿಗೂ ನಡುವೆ ಉದ್ದಕ್ಕೆ ಮಣ್ಣಿನ ದಂಡೆ ಕಟ್ಟಿತು. ಕಡಲ ಬದಿ ಕಳೆದುಕೊಂಡದ್ದಕ್ಕೆ ಬದಲಾಗಿ ಹೆದ್ದಾರಿಯ ಆಚೆ ಗುಡ್ಡದ ಬುಡದಲ್ಲಿ ನಾಲ್ಕು ಹೋಲ್ ಮಾಡಿಕೊಂಡಿತು. ಅದಕ್ಕೇ ಕಡಲು ಇಂದು ಕೇಳಿಸುತ್ತದೆ, ಕಾಣಿಸುವುದಿಲ್ಲ. ದಂಡೆಯ ಬುಡದಲ್ಲೇ ಇರುವ ಒಂದು ಪಾರ್-ಮೂರರ ಹೋಲ್‌ನಲ್ಲಿ ನಿಂತಾಗ ಅಲೆಯ ಹೊಡೆತ ಪಾದಕ್ಕೆ ತಾಗಿದಂತಾಗುತ್ತದೆ. ಕತ್ತೆತ್ತಿದರೆ ದಂಡೆಯ ಮೇಲೆ ನಾಯಿ ಹಿಡಿದು ವಾಕಿಂಗ್ ಹೋಗುವವರ ಕಾಲು. ಅವರು ನಮ್ಮ ಹೊಡೆತ ನೋಡಲು ನಿಲ್ಲುತ್ತಾರೆ. ಆ ಹೋಲ್‌ನಲ್ಲಿ ನಾನು ಏಳು ಹೊಡೆದೆ. ಒಬ್ಬಾತನ ನಾಯಿಗೂ ಬೇಸರ ಬಂದು ಎಳೆದುಕೊಂಡು ಹೋಯಿತು.

ನಮ್ಮೂರಿನಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ. ಉಳ್ಳಾಲದಲ್ಲಿ ಲಾರಿಗಟ್ಟಲೆ ಕಲ್ಲು ಸುರಿದದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಕಡೆ ಕಲ್ಲು ಹಾಕಿದರೆ ಕಡಲು ಪಕ್ಕದ ಮನೆಯ ತೆಂಗಿನ ಬುಡಕ್ಕೆ ಹೋಗುತ್ತದೆ ಎಂದು ಅಜ್ಜಿಯರಿಗೂ ಗೊತ್ತು. ಪೆಸಿಫಿಕಾದ ಅದೇ ಕರಾವಳಿಯಲ್ಲಿ ಗುಡ್ಡದಂಚಿನ ಮನೆಗಳೂ ಅಪಾರ್ಟ್‌ಮೆಂಟುಗಳೂ ಅಡಿಪಾಯ ಕುಸಿದು ಖಾಲಿಯಾಗಿವೆ. ಶ್ರೀಮಂತ ದೇಶದ ಕಡಲು ಬೇರೆ ಥರ ವರ್ತಿಸುತ್ತದೆ ಎಂದೇನಿಲ್ಲ.

ದಂಡೆ ಇನ್ನೊಂದು ವಿಚಿತ್ರವನ್ನೂ ಮಾಡಿತು. ಲಗುನಾ ಸಲಾಡಾ ಎಂದರೆ ಸ್ಪ್ಯಾನಿಷ್‌ನಲ್ಲಿ ಉಪ್ಪುನೀರಿನ ಕೊಳ. ಉಪ್ಪು ಬರುವ ದಾರಿ ಮುಚ್ಚಿದ ಮೇಲೆ ಅದು ಸಿಹಿನೀರಿನ ಕೊಳವಾಯಿತು. ಸಿಹಿನೀರು ನೆಚ್ಚಿ ಬಾಳುವ ಜೀವಿಗಳಿಗೆ ಅದು ಆಸರೆಯಾಯಿತು. ಅವುಗಳಲ್ಲಿ ಮುಖ್ಯವಾದದ್ದು ಕ್ಯಾಲಿಫೋರ್ನಿಯಾದ ಕೆಂಪುಕಾಲಿನ ಕಪ್ಪೆ. ದೊಡ್ಡದಾದರೆ ಅಂಗೈ ತುಂಬುತ್ತದೆ. ಮಾರ್ಕ್ ಟ್ವೇನ್ 1865ರಲ್ಲಿ ಬರೆದು ಹೆಸರು ಮಾಡಿದ ಕತೆಯ ಜಿಗಿಯುವ ಕಪ್ಪೆ ಇದೇ ಎಂದು ಅಲ್ಲಿನವರು ನಂಬುತ್ತಾರೆ. ಚಿನ್ನ ಅಗೆಯಲು ಬಂದ ಜನ ಇದರ ಕಾಲನ್ನು ತಿಂದು ತಿಂದು ಸಂತತಿಯನ್ನೇ ಬರಿದು ಮಾಡಿದರು. ನಗುವುದು ಬೇಡ. ನಮ್ಮ ಗದ್ದೆಗಳ ಕಪ್ಪೆಯ ಕಾಲೂ ಹಡಗೇರಿ ಹೋಗುತ್ತಿತ್ತು, 1987ರಲ್ಲಿ ಭಾರತ ಸರ್ಕಾರ ರಫ್ತು ನಿಷೇಧಿಸುವವರೆಗೆ. ಅಮೆರಿಕದ ಕೇಂದ್ರ ಸರ್ಕಾರ 1996ರಲ್ಲಿ ಕೆಂಪುಕಾಲಿನ ಕಪ್ಪೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಈ ಕಪ್ಪೆಯನ್ನು ತಿಂದು ಬದುಕುವ ಹಾವೊಂದಿದೆ, ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಹಾವು. ನೀಲಿ, ಕೆಂಪು, ಕಪ್ಪು ಪಟ್ಟೆಗಳ ಇಳಕಲ್ ಸೀರೆಯಂಥ ಮೈ. ಜಗತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪರ್ಯಾಯ ದ್ವೀಪದ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು 1967ರಿಂದಲೇ ಪಟ್ಟಿಯಲ್ಲಿದೆ.

ಜಗಳ ಶುರುವಾದದ್ದು ಇಲ್ಲಿ. ಕಪ್ಪೆ ಚಳಿಗಾಲದ ಮಳೆಯಲ್ಲಿ ಕೊಳದಂಚಿನ ಜೊಂಡಿಗೆ ಮೊಟ್ಟೆಯ ಗೊಂಚಲು ಅಂಟಿಸುತ್ತದೆ. ಅದೇ ಮಳೆಗೆ ಕೊಳ ಉಕ್ಕಿ ಅಂಗಳಕ್ಕೆ ನೀರು ಬರುತ್ತದೆ. ನಗರಾಡಳಿತ ಪಂಪ್ ಹಾಕಿ ನೀರನ್ನು ಕಡಲಿಗೆ ಬಿಡುತ್ತದೆ. ನೀರಿನ ಮಟ್ಟ ಇಳಿದರೆ ಮೊಟ್ಟೆಯ ಗೊಂಚಲು ದಡದಲ್ಲಿ ಒಣಗಿ ನಿಲ್ಲುತ್ತದೆ. ಪಂಪ್ ಹಾಕದಿದ್ದರೆ ಆಟವಿಲ್ಲ, ಹಾಕಿದರೆ ಕಪ್ಪೆಯಿಲ್ಲ. 2011ರಲ್ಲಿ ಪರಿಸರ ಸಂಘಟನೆಗಳು ನಗರದ ಮೇಲೆ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಅದೇ ವರ್ಷದ ಡಿಸೆಂಬರಿನಲ್ಲಿ ನಗರದ ಮೇಲ್ವಿಚಾರಕರ ಮಂಡಳಿ, ಅಂದರೆ ಕೌನ್ಸಿಲ್, ಗಾಲ್ಫ್ ನಿಲ್ಲಿಸಿ ಜಾಗವನ್ನು ರಾಷ್ಟ್ರೀಯ ಉದ್ಯಾನದವರಿಗೆ ಒಪ್ಪಿಸುವ ದಾರಿ ತೆರೆಯುವ ನಿರ್ಣಯ ಮಾಡಿತು. ಮೇಯರ್ ಎಡ್ ಲೀ ವೀಟೋ ಹಾಕಿ ತಡೆದರು. ಮರುವರ್ಷ ಕೇಂದ್ರದ ವನ್ಯಜೀವಿ ಇಲಾಖೆ ಷರತ್ತುಗಳನ್ನು ವಿಧಿಸಿ ಆಟ ಮುಂದುವರಿಸಬಹುದೆಂದಿತು, ದಾವೆ ವಜಾ ಆಯಿತು.

ಪರಿಸರದವರ ವಾದದಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಆದರೆ ಒಂದು ಮಾತು ನನಗೆ ಚುಚ್ಚಿತು. ಕಡಲ ದಂಡೆಯ ಅತಿ ಸುಂದರ ಜಾಗಗಳನ್ನು ಖಾಸಗಿ ಕ್ಲಬ್ಬುಗಳು ಬೇಲಿ ಹಾಕಿಕೊಂಡು ಕೂತಿರುವಾಗ, ಮುಚ್ಚಬೇಕೆಂಬ ಕೂಗು ಎದ್ದದ್ದು ಬಡವರು ಆಡುವ ಅಂಗಳದ ಮೇಲೆ. ನರ್ಸ್ ಅದನ್ನೇ ಚಿಕ್ಕದಾಗಿ ಹೇಳಿದರು. “ಕಪ್ಪೆಗೆ ಜಾಗ ಬೇಕು, ನಿಜ. ನನಗೂ ವಾರಕ್ಕೊಂದು ದಿನ ಬೇಕು.” ಕೊಳದ ಹತ್ತಿರ ಚೆಂಡು ಬಿದ್ದಾಗ ಆಕೆ ಹುಡುಕಲು ಹೋಗಲಿಲ್ಲ. “ಅದು ಅವರದು” ಎಂದು ಹೊಸ ಚೆಂಡು ತೆಗೆದರು.

ಹೆದ್ದಾರಿ ದಾಟಿ ಒಳಗಿನ ಹೋಲ್‌ಗಳಿಗೆ ಹೋದಾಗ ಬಸ್ ಡ್ರೈವರ್ ಕಣಿವೆಯತ್ತ ಕೈ ತೋರಿಸಿದರು. 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಇದೇ ಶಾರ್ಪ್ ಪಾರ್ಕ್ ಜಮೀನಿನ ಆ ಭಾಗದಲ್ಲಿ ಬಂಧನ ಶಿಬಿರವಿತ್ತು. ಜಪಾನಿ, ಜರ್ಮನ್, ಇಟಾಲಿಯನ್ ವಲಸಿಗರನ್ನು ಶತ್ರುದೇಶದವರೆಂದು ಅಲ್ಲಿ ಕೂಡಿಹಾಕಿದ್ದರು. ಮುಳ್ಳುತಂತಿಯ ಈ ಕಡೆ ಹಸಿರು ಅಂಗಳ. ಈಗ ಅಲ್ಲಿ ಬಿಲ್ಲುಗಾರಿಕೆ ಅಭ್ಯಾಸ ಮಾಡುತ್ತಾರೆ. ನಾವು ಸ್ವಲ್ಪ ಹೊತ್ತು ಮಾತಾಡದೆ ನಡೆದೆವು, ಆಮೇಲೆ ಹುಡುಗನ ಸರದಿ ಬಂತು.

ಇಷ್ಟೆಲ್ಲ ಓದಿದ ಮೇಲೆ ಬೆಂಗಳೂರಿಗೂ ಒಂದು ಮ್ಯೂನಿ ಬೇಕಲ್ಲವೇ ಎಂದು ಕೇಳಬಹುದು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಜಗತ್ತಿನ ಹಳೆಯ ಕ್ಲಬ್ಬುಗಳಲ್ಲೊಂದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅದಿತಿ ಅಶೋಕ್ ಆ ಊರಿನ ಹುಡುಗಿ. ಐದು ವರ್ಷದವಳಿದ್ದಾಗ ತಂದೆ ತಾಯಿ ಜೊತೆ ತಿಂಡಿಗೆ ಹೋದ ಹೋಟೆಲಿನ ಪಕ್ಕದಲ್ಲಿ ಗಾಲ್ಫ್ ಅಂಗಳ ಕಂಡಿತು, ಅಲ್ಲಿಂದ ಶುರು. ಕ್ಯಾಡಿಯಾಗಿ ಚೀಲ ಹೊತ್ತ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಂದರೆ ಅವಕಾಶ ಕಣ್ಣಿಗೆ ಬಿದ್ದರೆ ಸಾಕು, ಆಡುವ ಜನ ನಮ್ಮಲ್ಲಿದ್ದಾರೆ. ದೆಹಲಿಯ ಲಾಡೋ ಸರಾಯ್‌ನಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ಸಾರ್ವಜನಿಕರಿಗೆ ಕುತುಬ್ ಗಾಲ್ಫ್ ಕೋರ್ಸ್ ನಡೆಸುತ್ತದೆ. ಹೀಗಿದ್ದೂ ನನ್ನ ಉತ್ತರ: 18 ಹೋಲ್‌ನದು ಬೇಡ. ನೂರು ಎಕರೆಗೂ ಹೆಚ್ಚು ನೆಲ, ಅದಕ್ಕೆ ತಕ್ಕ ನೀರು, ಎರಡೂ ಈಗ ಆ ನಗರದಲ್ಲಿಲ್ಲ. ಶಾರ್ಪ್ ಪಾರ್ಕ್ ಕೂಡ ಶುದ್ಧೀಕರಿಸಿದ ಬಳಕೆ ನೀರಿಗೆ ತಿರುಗಿದೆ. ಪಾಲಿಕೆಯವರಿಗೆ ನಿಜವಾಗಿ ಮನಸ್ಸಿದ್ದರೆ ಮೂರು ಎಕರೆಯಲ್ಲಿ ಬಲೆ ಕಟ್ಟಿದ ಒಂದು ಡ್ರೈವಿಂಗ್ ರೇಂಜ್ ಮಾಡಲಿ. ಬುಟ್ಟಿಗೆ ಐವತ್ತು ರೂಪಾಯಿ, ಕೋಲು ಬಾಡಿಗೆಗೆ. ಗೇಟಿನವನು ಶೂ ನೋಡಬಾರದು, ಅಷ್ಟೆ.

ಆಟ ಮುಗಿಸಿ ನಾಲ್ವರೂ ಟೋಪಿ ತೆಗೆದು ಕೈಕುಲುಕಿದೆವು. ಹೆಸರು ಹೇಳಿಕೊಂಡದ್ದು ಮೊದಲ ಹೋಲ್‌ನಲ್ಲಿ, ಮರೆತದ್ದು ಮೂರನೇ ಹೋಲ್‌ನಲ್ಲಿ. ಮಗಳು ಬರುವವರೆಗೆ ಹೊತ್ತಿತ್ತು, ದಂಡೆ ಹತ್ತಿ ನಿಂತೆ. ಮಂಜು ಸರಿದಿತ್ತು. ಒಂದು ಬದಿಗೆ ಕಪ್ಪು ಮರಳು, ಬೂದು ನೀರು, ದೂರದಲ್ಲಿ ಮೀನು ಹಿಡಿಯುವವರು ನಿಂತ ಉದ್ದನೆಯ ಪಿಯರ್. ಇನ್ನೊಂದು ಬದಿಗೆ ಈಗಷ್ಟೇ ತುಳಿದು ಬಂದ ಹುಲ್ಲು. ಕಡಲು ಹುಲ್ಲಿಗಿಂತ ಹೆಚ್ಚು ಕೆಳಗೇನೂ ಇರಲಿಲ್ಲ.

ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದು, ಆರು ತಿಂಗಳ ವೀಸಾದಲ್ಲಿ ಹೋಗಿ ಮನೆಯೊಳಗೆ ಬೇಸತ್ತು ಕೂತಿರುವ ಅಪ್ಪಂದಿರು ಇದನ್ನು ಓದುತ್ತಿದ್ದರೆ: ವಾರದ ದಿನ ಹೋಗಿ, ದರ ಕಡಿಮೆ. ಒಬ್ಬರೇ ಹೋಗಿ, ಜೊತೆಗಾರರನ್ನು ಸ್ಟಾರ್ಟರ್ ಕೊಡುತ್ತಾನೆ. ಹಳೇ ಚೆಂಡು ಒಂದು ಡಜನ್ ಇರಲಿ. ಕೊಳಕ್ಕೆ ಬಿದ್ದದ್ದನ್ನು ಕಪ್ಪೆಗೆ ಬಿಡಿ. ಜುಲೈ ತಿಂಗಳಾದರೂ ಸ್ವೆಟರ್ ಮರೆಯಬೇಡಿ.